ಅಚ್ಚಾದ ತಾಯಿ, ಅಂಗಳದ ಒಲೆ

ನನ್ನ ಬಾಲ್ಯದಲ್ಲಿ ನಾನು ಓದಿದ ಕ್ರೈಸ್ತ ಕಥೆಗಳಲ್ಲಿ ಯಾರ ಮನೆಯ ಒಲೆಯೂ ಹೊಗೆಯಾಡುತ್ತಿರಲಿಲ್ಲ. ಅಲ್ಲಿಯ ಜನ ಊಟ ಮಾಡುತ್ತಿದ್ದರು, ಊಟಕ್ಕೆ ಮೊದಲು ತಪ್ಪದೆ ಪ್ರಾರ್ಥಿಸುತ್ತಿದ್ದರು; ಆದರೆ ಹಿಟ್ಟು ಬೀಸಿದವರು ಯಾರು, ಕಟ್ಟಿಗೆ ಹಸಿಯಿತ್ತೋ ಒಣಗಿತ್ತೋ, ಕಡೆಯ ರೊಟ್ಟಿ ಯಾರ ಪಾಲಿಗೆ ಬಂತು ಎಂಬುದನ್ನು ಕಥೆಗಾರರು ಹೇಳುತ್ತಿರಲಿಲ್ಲ. ಕುಡುಕನು ಒಂದು ಹಾಳೆ ಮಗುಚುವಷ್ಟರಲ್ಲಿ ಕುಡಿತ ಬಿಡುತ್ತಿದ್ದ. ಕಾಯಿಲೆಯ ಮಗು ಗೀತೆ ಹಾಡುತ್ತ, ನಗುನಗುತ್ತ ಕಣ್ಣು ಮುಚ್ಚುತ್ತಿತ್ತು. ಸತ್ಯವನ್ನು ಅರಿತವನು ತನ್ನ ನೆಂಟರಿಷ್ಟರನ್ನೆಲ್ಲ ಹಳೆಯ ಅಂಗಿಯಂತೆ ದಂಡೆಯಲ್ಲಿ ಕಳಚಿಟ್ಟು ದೀಕ್ಷಾಸ್ನಾನದ ನೀರಿನಿಂದ ಮೇಲೆ ಬರುತ್ತಿದ್ದ. ಆ ಅಂಗಿಯ ನೂಲು ಯಾರು ಸುತ್ತಿದ್ದು, ಅದನ್ನು ಇಷ್ಟು ವರ್ಷ ಒಗೆದವರು ಯಾರು ಎಂದು ಅವನೂ ಕೇಳುತ್ತಿರಲಿಲ್ಲ, ಕಥೆಯೂ ಕೇಳುತ್ತಿರಲಿಲ್ಲ. ಈಚೆಗೆ ನಮ್ಮ ಸಭೆಯ ಕೆಲವು ತರುಣರು, ಕಥೆ ಬರೆಯುವ ಹುರುಪಿನವರು, ನನ್ನಲ್ಲಿಗೆ ಬಂದು, ಇಂಥ ಕಥೆಗಳಲ್ಲಿ ಇನ್ನಷ್ಟು ಏನಿರಬೇಕೆಂದು ಓದುಗಿಯಾದ ನಿಮ್ಮ ಬಯಕೆ ಎಂದು ವಿಚಾರಿಸಿದರು. ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾಲಿಗೆ ನನ್ನದು. ವಾದಗಳನ್ನು ಒಂದರ ಮೇಲೊಂದು ಜೋಡಿಸಿ ಅರ್ಧ ತಾಸು ಮಾತನಾಡಿದೆ. ಅವರು ಗೌರವದಿಂದ ತಲೆದೂಗಿ ಹೋದರು. ಅವರು ಹೋದ ಮೇಲೆ, ಹೇಳಬೇಕಾಗಿದ್ದನ್ನು ನಾನು ಹೇಳಲೇ ಇಲ್ಲವೆಂದು ನನಗೆ ಅನ್ನಿಸಿತು. ಆ ಉತ್ತರವನ್ನು ಕೊಡಬೇಕಾದರೆ ಮೊದಲು ನಮ್ಮ ಮನೆಯನ್ನು ತೋರಿಸಬೇಕು.

ಕೊಪ್ಪಳದ ಮಗ್ಗುಲಿಗೆ, ಭಾಗ್ಯನಗರದ ನೇಕಾರರ ಓಣಿಯಲ್ಲಿತ್ತು ಆ ಮನೆ. ಮಣ್ಣಿನ ಮಾಳಿಗೆ. ತಲೆ ಬಾಗಿಸಿ ಒಳಗೆ ಹೋದರೆ ಮೊದಲು ಸಿಗುವುದು ಮಗ್ಗದ ಪಡಸಾಲೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅಪ್ಪ ದಿನವೆಲ್ಲ ಸೀರೆ ನೇಯುತ್ತಿದ್ದ. ಮಗ್ಗದ ಎದುರಿನ ಗೋಡೆಯಲ್ಲಿ ಒಂದು ಮಾಡ. ಅಲ್ಲಿ ಹಿಂದೆ ಬನಶಂಕರಿ ಇದ್ದಳಂತೆ; ನಾನು ಬಲ್ಲಂದಿನಿಂದ ಅಲ್ಲಿದ್ದದ್ದು ಬೈಬಲ್ಲು ಮತ್ತು ಅವ್ವನ ಕನ್ನಡಕ. ಪಡಸಾಲೆಯ ಹಿಂದೆ ಅಡುಗೆಯ ಮನೆ, ಅದರ ಹಿಂದೆ ಅಂಗಳ, ಅಂಗಳದ ಗೋಡೆಗೆ ಆನಿಸಿ ಜೋಳದ ದಂಟಿನ ಒಂದು ಛಪ್ಪರ. ಆ ಛಪ್ಪರದಲ್ಲಿ ಅಪ್ಪನ ತಾಯಿ, ನಮ್ಮ ಆಯಿ ಗೌರವ್ವ, ಬನಶಂಕರಿಯೊಡನೆ ವಾಸವಾಗಿದ್ದಳು. ಅವಳ ಒಲೆ ಅಲ್ಲಿ, ಅವಳ ಕೊಡ ಅಲ್ಲಿ, ಹಾಸಿಗೆ ಅಲ್ಲಿ. ಅಪ್ಪ ಮದುವೆಗೆ ಮುಂಚೆಯೇ ಕ್ರೈಸ್ತನಾಗಿ ಸತ್ಯಪ್ಪನೆಂಬ ಹೆಸರು ಪಡೆದಿದ್ದ. ಆಯಿಯ ಬಾಯಲ್ಲಿ ಮಾತ್ರ ಅವನು ಕಡೆಯತನಕ ಈರಣ್ಣನೇ. ನಮ್ಮ ಒಲೆಯ ಅನ್ನವನ್ನಾಗಲಿ ನಮ್ಮ ಕೊಡದ ನೀರನ್ನಾಗಲಿ ಆಯಿ ಮುಟ್ಟುತ್ತಿರಲಿಲ್ಲ. ಅವಳ ರೊಟ್ಟಿಯನ್ನು ನಾವು ತಿನ್ನುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹೀಗಾಗಿ ನಾನು ಒಳಗೊಮ್ಮೆ ಹೊರಗೊಮ್ಮೆ ಉಣ್ಣುವ ಮಗುವಾಗಿ ಬೆಳೆದೆ. ಎಲ್ಲ ಮನೆಗಳಲ್ಲಿಯೂ ಎರಡು ಒಲೆ, ಇಬ್ಬರು ದೇವರು ಇರುವುದೇ ಕ್ರಮವೆಂದು ಬಹುಕಾಲ ತಿಳಿದಿದ್ದೆ.

ಅವ್ವನಿಗೆ ಹಾಗೆ ತೋರುತ್ತಿರಲಿಲ್ಲ. ಅವಳು ಗದಗಿನ ಕಡೆಯ ಕ್ರೈಸ್ತ ಮನೆತನದವಳು. ತಾಯಿಯ ತಾಯಿಯ ಕಾಲಕ್ಕೇ ಅವರು ಸಭೆಗೆ ಸೇರಿದ್ದರು. ಮದುವೆಯಾಗಿ ಬಂದ ಹೆಣ್ಣುಮಗಳು ತನ್ನ ಅತ್ತೆ ತನ್ನ ಕೈಯ ನೀರು ಕುಡಿಯುವುದಿಲ್ಲವೆಂಬುದನ್ನು ದಿನಾಲೂ ಕಣ್ಣಾರೆ ಕಾಣುತ್ತಿದ್ದಳು. ಅದನ್ನು ಅವಳು ಮಡಿಯ ಸೊಕ್ಕೆಂದೇ ಬಗೆದಿದ್ದಳು. ಅಂಗಳದ ಹೊಗೆ ಅಡುಗೆಮನೆಗೆ ನುಗ್ಗಿದರೆ ಜಗಳ, ಅಡುಗೆಮನೆಯ ಮುಸುರೆಯ ನೀರು ಅಂಗಳಕ್ಕೆ ಹರಿದರೆ ಜಗಳ. ಆ ಜಗಳಗಳಿಗೆ ಒಂದು ಬಗೆಯ ಶಿಸ್ತಿತ್ತು. ಅಪ್ಪನ ಲಾಳಿಯ ಸಪ್ಪಳ ನಿಂತ ಕೂಡಲೇ ಇಬ್ಬರೂ ನಿಲ್ಲಿಸುತ್ತಿದ್ದರು.

ರವಿವಾರ ಮಗ್ಗಕ್ಕೆ ಬಿಡುವು. ಬೆಳಿಗ್ಗೆ ಮಗ್ಗದ ಮೇಲೆ ಜಮಖಾನೆ ಹೊದಿಸಿ ಪಡಸಾಲೆಯಲ್ಲಿಯೇ ಆರಾಧನೆ ನಡೆಯುತ್ತಿತ್ತು. ಊರಲ್ಲಿದ್ದ ಕೆಲವೇ ಕ್ರೈಸ್ತ ಮನೆಗಳವರು ಅಲ್ಲಿ ಸೇರುತ್ತಿದ್ದರು. ಮಧ್ಯಾಹ್ನ ಉಂಡ ಮೇಲೆ ಕಥೆಯ ಓದು. ಮಿಷನ್ನಿನ ಛಾಪಖಾನೆಯಿಂದ ಬರುತ್ತಿದ್ದ ತೆಳುವಾದ ಕಥೆಪುಸ್ತಕಗಳನ್ನೂ ಮಾಸಪತ್ರಿಕೆಯನ್ನೂ ಓದುವ ಕೆಲಸ ನನ್ನದಾಗಿತ್ತು. ಓಣಿಯ ಗಂಡುಹುಡುಗರು ಸರಕಾರಿ ಶಾಲೆಯಲ್ಲಿ ಉರ್ದು ಕಲಿಯುತ್ತಿದ್ದ ಆ ನಿಜಾಮನ ಕಾಲದಲ್ಲಿ ನಾನು ಕನ್ನಡದ ಅಕ್ಷರಗಳನ್ನು ಕಲಿತದ್ದು ಅವ್ವನ ತೊಡೆಯ ಮೇಲೆ, ಅವೇ ಪುಸ್ತಕಗಳಿಂದ. ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕೆಂಬುದು ನಮ್ಮ ಕಡೆಯ ಕ್ರಮ. ಹೂಂ ಎನ್ನುವವರಿಲ್ಲದೆ ಕಥೆ ಮುಂದೆ ಸಾಗದು. ಪುಸ್ತಕದ ಕಥೆಗೆ ಹೂಂಗುಡುವುದು ಅವ್ವನಿಗೆ ಅನಾಗರಿಕವೆನ್ನಿಸುತ್ತಿತ್ತು, ಅಪ್ಪ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದ. ಆಯಿ ಹಿತ್ತಲ ಬಾಗಿಲಿನ ಹೊಸ್ತಿಲಿಂದಾಚೆ, ಅಂಗಳದ ಕಡೆಗೆ ಕುಳಿತು, ರಾಟಿ ತಿರುವಿ ನೂಲು ಸುತ್ತುತ್ತ, ಪ್ರತಿ ವಾಕ್ಯಕ್ಕೂ ಹೂಂ ಎನ್ನುತ್ತಿದ್ದಳು. ಕ್ರಿಸ್ತನ ಮಹಿಮೆಯನ್ನು ಸಾರುವ ಆ ಕಥೆಗಳೆಲ್ಲ ನಮ್ಮ ಮನೆಯಲ್ಲಿ ಬನಶಂಕರಿಯ ಭಕ್ತೆಯೊಬ್ಬಳ ಹೂಂಕಾರದಿಂದಲೇ ಮುಂದೆ ಸಾಗಿದವು. ರವಿವಾರ ರಾಟಿ ತಿರುವಬಾರದೆಂದು ಅವ್ವ ಆಕ್ಷೇಪಿಸಿದರೆ ಆಯಿಯ ಉತ್ತರ ಸಿದ್ಧವಿತ್ತು.

"ಐತ್ವಾರ ಸೂಟಿ ನಿಮ್ಮ ದೇವರಿಗವ್ವ. ನಮ್ಮಾಕಿ ಸೂಟಿ ಕೊಟ್ಟಿಲ್ಲ ನನಗ."

ಆಯಿ ಬರಿಯ ಹೂಂಗುಟ್ಟುವವಳಲ್ಲ. ಒಂದು ಕಥೆಯಲ್ಲಿ ನಾಯಕನು ಕೋಣೆಯ ಕದವಿಕ್ಕಿಕೊಂಡು ದಿನಗಟ್ಟಲೆ ಅನ್ನ ನೀರಿಲ್ಲದೆ ಪ್ರಾರ್ಥಿಸುತ್ತಾನೆ. ನಾನು ಭಾವಪರವಶಳಾಗಿ ಓದುತ್ತಿದ್ದೆ. ರಾಟಿ ನಿಂತಿತು.

"ಅವನ ಹೆಣ್ತಿ ಏನ ಉಂಡ್ಲಂತ?"

"ಅದನ್ನ ಬರದಿಲ್ಲ ಆಯಿ."

"ಮಕ್ಕಳು?"

"ಅತ್ತಿ, ಇದು ಆತ್ಮದ ವಿಷಯ, ಹೊಟ್ಟೀದಲ್ಲ" ಎಂದಳು ಅವ್ವ.

"ಆತ್ಮ ಎಲ್ಲಿ ಇರತೈತಿ ಮತ್ತ? ಎರಡು ದಿನ ಉಪಾಸ ಇದ್ದು ನೋಡು, ಸೀದಾ ಹೊಟ್ಟ್ಯಾಗಿಂದ ಒದರತೈತಿ."

ಮತ್ತೊಂದು ಕಥೆಯಲ್ಲಿ ದುಷ್ಟನಾದ ಪೂಜಾರಿಯೊಬ್ಬ ಬರುತ್ತಾನೆ. ಅವನು ಮೊದಲಿಂದ ಕೊನೆಯವರೆಗೆ ಹಲ್ಲು ಕಡಿಯುವುದರ ಹೊರತು ಬೇರೇನನ್ನೂ ಮಾಡುವುದಿಲ್ಲ. ಅವನಿಗೆ ಮನೆ ಮಠ ಇಲ್ಲವೇ, ಸಂಜೆ ಯಾರ ಮನೆಗೆ ಹೋಗುತ್ತಾನೆ ಎಂದು ಆಯಿ ಕೇಳಿದಳು. ಮುಂದೆ ಕಾಲೇಜಿನಲ್ಲಿ ನಮ್ಮ ಚರ್ಚಾಗುರುಗಳು ಒಂದು ನಿಯಮವನ್ನು ಕಲಿಸಿದರು: ಎದುರಾಳಿಯ ಪಕ್ಷವನ್ನು ಅವನೇ ಮೆಚ್ಚುವಷ್ಟು ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಅಧಿಕಾರವುಂಟು. ಅಂದು ನನ್ನ ಸಹಪಾಠಿಗಳು ಅದನ್ನು ಬರೆದುಕೊಂಡರು. ನನಗೆ ಅದು ಹೊಸತಾಗಿರಲಿಲ್ಲ. ರಾಟಿಯ ಮುಂದೆ ಕುಳಿತ ಮುದುಕಿಯೊಬ್ಬಳು ಪ್ರತಿ ರವಿವಾರವೂ ಅದನ್ನೇ ಕೇಳುತ್ತಿದ್ದಳು.

ಆಗಾಗ ರೈಲಿನಲ್ಲಿ ಬಂದು ಆರಾಧನೆ ನಡೆಸುತ್ತಿದ್ದ ಪಾದ್ರಿಗಳು ಕರಾವಳಿಯವರು. ಸೌಮ್ಯ ಸ್ವಭಾವದವರು, ಗ್ರಂಥದ ಭಾಷೆಯಲ್ಲಿಯೇ ಮಾತನಾಡುವವರು. ಮಾಸಪತ್ರಿಕೆಗೆ ಕಥೆಗಳನ್ನು ಆರಿಸುವ ಹೊಣೆ ಅವರದೇ ಆಗಿತ್ತು. ಒಮ್ಮೆ ಅವರು ಅಪ್ಪನಿಗೆ, "ಸತ್ಯಪ್ಪನವರೇ, ನಿಮ್ಮ ಜೀವನವನ್ನೇ ಕಥಾರೂಪದಲ್ಲಿ ಬರೆಯಿರಿ. ಅನೇಕರಿಗೆ ಧೈರ್ಯವುಂಟಾಗುವುದು" ಎಂದರು. ಅಪ್ಪ ಹಿಗ್ಗಿಹೋದ. ಮಗ್ಗದ ಕುಣಿಯಲ್ಲಿ ಕುಳಿತೇ ವಾಕ್ಯಗಳನ್ನು ಜೋಡಿಸುತ್ತಿದ್ದ. ಸಂಜೆ ಅವನ್ನು ಕಾಗದಕ್ಕಿಳಿಸುತ್ತಿದ್ದ. ಕೆಲವು ತಿಂಗಳ ಮೇಲೆ ಟಪಾಲಿನಲ್ಲಿ ಪತ್ರಿಕೆ ಬಂತು. ಅಪ್ಪ ಬರೆದದ್ದು ಅಚ್ಚಾಗಿದೆಯೆಂಬ ಸುದ್ದಿ ಅರ್ಧ ತಾಸಿನಲ್ಲಿ ಓಣಿಗೆಲ್ಲ ಮುಟ್ಟಿತು, ಮುಟ್ಟಿಸಿದವಳು ಆಯಿ. ಆ ರವಿವಾರ ಅವಳು ತಲೆಗೆ ಎರೆದುಕೊಂಡು, ಪೆಟ್ಟಿಗೆಯ ಇಳಕಲ್ಲ ಸೀರೆ ಉಟ್ಟು, ಪಕ್ಕದ ಮನೆಯ ಶಿವವ್ವನನ್ನು ಕರೆದುಕೊಂಡು ಬಂದು ಹೊಸ್ತಿಲಿನಾಚೆ ಕುಳಿತಳು. ರಾಟಿಯನ್ನು ಅಂದು ಮುಟ್ಟಲಿಲ್ಲ. ಅಪ್ಪ ತಾನು ಓದಲೊಲ್ಲೆನೆಂದು ನಾಚಿ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟ.

ಕಥೆಯ ನಾಯಕ ದೇವದಾಸನೆಂಬ ನೇಕಾರ. ಅವನಿಗೆ ಸತ್ಯದ ಬೆಳಕು ಸಿಗುವವರೆಗೆ ಆಯಿಯ ಹೂಂಕಾರ ಗಟ್ಟಿಯಾಗಿ, ಹೆಮ್ಮೆಯಿಂದ ಬರುತ್ತಿತ್ತು. ಅನಂತರ ನಾನು ಓದಿದ್ದು ಹೀಗಿತ್ತು:

"ಕಲ್ಲೆದೆಯವಳಾದ ಆ ತಾಯಿಯು ಮಗನ ಊಟದ ತಟ್ಟೆಯನ್ನು ಬೀದಿಗೆಸೆದು, ನೀನು ಇನ್ನು ಈ ಹೊಸ್ತಿಲನ್ನು ತುಳಿಯಕೂಡದು ಎಂದು ಗರ್ಜಿಸಿದಳು. ಆ ರಾತ್ರಿಯೇ ಅವನು ಉಟ್ಟ ಬಟ್ಟೆಯಲ್ಲಿ ಮನೆಯಿಂದ ಹೊರದೂಡಲ್ಪಟ್ಟನು."

ಹೂಂ ಬರಲಿಲ್ಲ. ನಾನು ತಲೆಯೆತ್ತಿದೆ. ಶಿವವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಆಮೇಲೆ ತಡೆಯಲಾರದೆ ಕೇಳಿದಳು.

"ಯಾವಾಗ ಒಗದಿ ಗೌರವ್ವ, ಗಂಗಾಳ? ನಾನೂ ಓಣ್ಯಾಗ ಇದ್ನೆಲ್ಲ. ಸಪ್ಪಳ ಕೇಳಿಲ್ಲ ನನಗ."

"ಮುಂದ ಓದು" ಎಂದಳು ಆಯಿ ನನಗೆ.

ಓದಿದೆ. ಹೂಂಕಾರವಿಲ್ಲದೆ ನನ್ನ ದನಿ ಬರಿಯ ಗೋಡೆಗೆ ಬಡಿದು ಮರಳುತ್ತಿತ್ತು. ಕಥೆಯ ಕೊನೆಯಲ್ಲಿ ಆ ತಾಯಿ ಕಣ್ಣು ಕಳೆದುಕೊಂಡು, ಪಶ್ಚಾತ್ತಾಪವಿಲ್ಲದೆ, ಒಬ್ಬಂಟಿಯಾಗಿ ಸಾಯುತ್ತಾಳೆ. ದೇವದಾಸನು ಅವಳಿಗಾಗಿ ಕಣ್ಣೀರಿಡುತ್ತಾನೆ.

"ನಾ ಯಾವಾಗ ಸತ್ತೆ, ಈರಣ್ಣ?"

"ಅದು ನೀನಲ್ಲವ್ವ" ಎಂದ ಅಪ್ಪ. ಅವನ ಮುಖದಲ್ಲಿ ನಿಜವಾದ ಬೆರಗಿತ್ತು. "ಕಥಿಯೊಳಗಿನ ತಾಯಿ ಅದು."

"ನಿನಗ ಎಷ್ಟು ಮಂದಿ ತಾಯಂದಿರಪಾ?"

ಅಪ್ಪನ ಪಕ್ಷವನ್ನು ನಾನು ಇಲ್ಲಿ ನ್ಯಾಯವಾಗಿ ಹೇಳಬೇಕು. ಅವನು ಸುಳ್ಳು ಬರೆಯಬೇಕೆಂದು ಬರೆದವನಲ್ಲ. ನೇಕಾರನು ಹಾಸು ಹೂಡುವಾಗ ಅಂಚಿಗೆ ಇಂಥ ಬಣ್ಣ, ಒಡಲಿಗೆ ಇಂಥ ಬಣ್ಣ ಎಂಬ ಕಟ್ಟಳೆಯಂತೆ ಹೂಡುತ್ತಾನೆ; ತಾನು ಓದಿ ಕೇಳಿದ ಎಲ್ಲ ಕಥೆಗಳಲ್ಲಿಯೂ ವಿಶ್ವಾಸಿಯ ತಾಯಿ ತಟ್ಟೆ ಎಸೆದಿದ್ದರಿಂದ, ತನ್ನ ಕಥೆಗೂ ಆ ಅಂಚು ಬೇಕೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ತಟ್ಟೆ ಎಸೆಯುವ ತಾಯಂದಿರು ಇರಲಿಲ್ಲವೆಂದೂ ನಾನು ಹೇಳಲಾರೆ. ಕುಷ್ಟಗಿಯ ಕಡೆಯಿಂದ ನಮ್ಮ ಆರಾಧನೆಗೆ ಬರುತ್ತಿದ್ದ ಒಬ್ಬ ಮನುಷ್ಯನನ್ನು ಅವನ ಅಣ್ಣಂದಿರೇ ಬಾವಿಯ ದಂಡೆಯಿಂದ ಹೊಡೆದು ಅಟ್ಟಿದ್ದರು; ಅವನ ಹಣೆಯ ಗಾಯದ ಗುರುತನ್ನು ನಾನು ನೋಡಿದ್ದೇನೆ. ಅವನಿಗೆ ಆ ಕಥೆಗಳು ಸತ್ಯವೇ ಆಗಿದ್ದವು. ತಪ್ಪಿದ್ದದ್ದು, ಅವನೊಬ್ಬನ ಗಾಯವನ್ನು ಎಲ್ಲರ ಹಣೆಗೂ ಅಚ್ಚು ಹಾಕುವುದರಲ್ಲಿ.

ನಮ್ಮ ಮನೆಯಲ್ಲಿ ನಡೆದದ್ದೇನೆಂಬುದನ್ನು ಅಂದು ಅವ್ವನಿಗೂ ನನಗೂ ಹೇಳಿದವಳು ಶಿವವ್ವ. ಅಪ್ಪ ದೀಕ್ಷೆ ಪಡೆದ ಸುದ್ದಿ ತಿಳಿದಾಗ ಕುಲದ ಹಿರಿಯರು ಕೂಡಿ ಒಂದು ತೀರ್ಪು ಕೊಟ್ಟರಂತೆ: ಈರಣ್ಣನ ಒಲೆಯಲ್ಲಿ ಉಂಡವರು ಕುಲದ ಹೊರಗೆ. ಆಗ ಚಿಕ್ಕ ಮಗನಿಗೆ, ಎಂದರೆ ನಮ್ಮ ಕಾಕಾನಿಗೆ, ಇನ್ನೂ ಮದುವೆಯಾಗಿರಲಿಲ್ಲ. ತಾಯಿ ಹೊರಗಾದರೆ ಅವನಿಗೆ ಹೆಣ್ಣು ಕೊಡುವವರಿಲ್ಲ. ಹಿರಿಯ ಮಗನನ್ನು ಹೊರಗೆ ಹಾಕಿದರೆ ಎಲ್ಲ ಸಲೀಸು. ಹಿರಿಯರು ಹೇಳಿದ್ದೂ ಅದನ್ನೇ. ಆದರೆ ಮಗ್ಗ ನೆಲದಲ್ಲಿ ಹೂತದ್ದು. ಕುಣಿಯನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲ. ಮಗ್ಗವಿಲ್ಲದ ನೇಕಾರ ಎಲ್ಲಿ ಹೋಗಿ ಏನು ತಿಂದಾನು? ಆಯಿ ಹಿರಿಯರೆದುರಿಗೆ ನಿಂತು, ಅವನ ಒಲೆಯಲ್ಲಿ ನಾನು ಉಣ್ಣುವುದಿಲ್ಲ, ಅಷ್ಟೇ ತಾನೇ ನಿಮ್ಮ ತೀರ್ಪು ಎಂದಳಂತೆ. ಮರುದಿನ ತನ್ನ ಒಲೆಯ ಗುಂಡುಗಳನ್ನು, ಆ ಮೂರು ಕಲ್ಲುಗಳನ್ನು, ತಾನೇ ಕಿತ್ತು ಅಂಗಳಕ್ಕೆ ಹೊತ್ತಳು. ಬನಶಂಕರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮನೆಯನ್ನು ಮಗನಿಗೆ ಬಿಟ್ಟು ಮನೆಯಿಂದ ಹೊರಗೆ ಹೋದವಳು ಅವಳು. ಅಪ್ಪನ ಕಥೆ ಹೊರಗೆ ಹೋದವಳನ್ನು ಒಳಗೆ, ಒಳಗೆ ಉಳಿದವನನ್ನು ಹೊರಗೆ ಮಾಡಿಬಿಟ್ಟಿತ್ತು.

ಅವ್ವ ಅಪ್ಪನ ಕಡೆ ತಿರುಗಿ ಕೇಳಿದಳು. 

"ಇದು ಖರೇನೇನ್ರಿ?"

"ಖರೆ ಐತಿ."

"ಮತ್ತ ನನಗ್ಯಾಕ ಹೇಳಲಿಲ್ರಿ? ಇಷ್ಟು ವರ್ಷ ನಾ ಅತ್ತೀನ ಮಡಿವಂತಿ, ಸೊಕ್ಕಿನಾಕಿ ಅಂತ ಅಂದೆ. ನೀವು ಕೇಳ್ಕೋತ ನೇಯ್ದಿರಿ."

 ಆಯಿ ಎದ್ದು ಛಪ್ಪರಕ್ಕೆ ಹೋಗಿ ಇಳಕಲ್ಲ ಸೀರೆಯನ್ನು ಬಿಚ್ಚಿ ಮಡಿಸಿಟ್ಟಳು. ಮಾರನೆಯ ದಿನ, ಯಲಬುರ್ಗಾದ ಕಡೆಯ ಮಂಗಳೂರಿನಲ್ಲಿದ್ದ ಕಾಕಾನ ಮನೆಗೆ ತಾನು ಹೋಗುವುದಾಗಿ ತಿಳಿಸಿದಳು. ಆ ಊರಿನ ಹನುಮಪ್ಪನ ಬಂಡಿ ಮುಂದಿನ ರವಿವಾರ ಕೊಪ್ಪಳಕ್ಕೆ ಜೋಳ ತಂದು ಇಳಿಸಿ ಬರಿದಾಗಿ ಮರಳುವುದಿತ್ತು, ಅದರಲ್ಲಿ ಹೋಗುತ್ತೇನೆಂದಳು. ಹೋದರೆ ಅವಳು ಮರಳಿ ಬರುವವಳಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆ ವಾರ ಅವಳು ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ನನಗೆ ಎಂದಿನಂತೆ ರೊಟ್ಟಿ ಕೊಟ್ಟಳು. ಅಪ್ಪ ಛಪ್ಪರದ ಮುಂದೆ ಹೋಗಿ ನಿಂತು, ತಪ್ಪಾಯಿತೆಂದು, ಪತ್ರಿಕೆಯನ್ನು ಒಲೆಗೆ ಹಾಕುತ್ತೇನೆಂದು ಹೇಳಿದ.

"ನಿನ್ನ ಒಂದು ಸುಡತಿ. ಊರೂರಿಗೆ ಹೋದದ್ದು ಹೆಂಗ ಸುಡತಿ?" ಎಂದು ಆಯಿ ಹಿಟ್ಟು ನಾದುತ್ತಲೇ ಮಾತನಾಡಿದಳು. "ಈರಣ್ಣ, ನಾ ಅಂಗಳದಾಗ ಉಂಡದ್ದು ನೋಡಿ ಮಂದಿ ನಕ್ಕರು. ಮಳ್ಯಾಗ ಒಲಿ ಆರಿ, ಹಸದು ಮಲಗೀನಿ. ಒಂದು ಮಾತು ಮನಸಿನ್ಯಾಗ ಇತ್ತು: ಮಂದೀಗೆ ತಿಳೀದಿದ್ರ ತಿಳೀವಲ್ದು, ನನ್ನ ಮಗಗ ಗೊತ್ತೈತಿ. ನಿನಗ ಗೊತ್ತಿಲ್ಲಂದ್ರ ಇಲ್ಲಿ ಕುಂತು ಏನ ಮಾಡಲಿ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನೀವು ಹ್ವಾದ್ರ ನಾ ಯಾರ ಜೋಡಿ ಜಗಳಾಡಲಿ, ಅತ್ತಿ?"

"ಮಗಳು ಬೆಳಿಯಾಕ ಹತ್ತ್ಯಾಳ. ಆಕಿ ಬಾಯಿ ನನ್ನಕಿಂತ ಜೋರೈತಿ" ಎಂದಳು ಆಯಿ.

ರವಿವಾರ ಪಾದ್ರಿಗಳು ಬಂದರು. ಅಂದೇ ಹನುಮಪ್ಪನ ಬಂಡಿಯೂ ಬಂದು ಓಣಿಯಲ್ಲಿ ನಿಂತಿತು. ಅವನು ಆಯಿಯ ಗಂಟನ್ನೂ, ಒಲೆಯ ಗುಂಡುಗಳನ್ನು ಕಟ್ಟಿದ ಗೋಣಿಯನ್ನೂ ಬಂಡಿಗೇರಿಸಿ ಹಗ್ಗ ಬಿಗಿಯತೊಡಗಿದ. ಆರಾಧನೆ ಮುಗಿಯುವವರೆಗೆ ಕಾಯುವಂತೆ ಆಯಿಯೇ ಅವನಿಗೆ ಹೇಳಿದ್ದಳು. ಮನೆಗೆ ಬಂದ ದೊಡ್ಡವರ ಎದುರಿಗೆ ಎದ್ದು ಹೋಗುವುದು ಅವಳಿಗೆ ಸರಿಯೆನ್ನಿಸಲಿಲ್ಲ. ಅವಳು ತನ್ನ ಜಾಗದಲ್ಲಿ, ಹೊಸ್ತಿಲಿನಾಚೆ ಕುಳಿತಳು. ಆರಾಧನೆಯ ಕೊನೆಗೆ ಪಾದ್ರಿಗಳು ಪತ್ರಿಕೆಯನ್ನು ಎತ್ತಿ ಹಿಡಿದು ಅಪ್ಪನನ್ನು ಕೊಂಡಾಡಿದರು. ಈ ಸಾಕ್ಷಿಯನ್ನು ಬಾಯಿಮಾತಿನಲ್ಲಿಯೂ ಸಭೆಗೆ ಹೇಳಬೇಕೆಂದರು. ಅಪ್ಪ ಎದ್ದು ಮಗ್ಗದ ಕಂಬ ಹಿಡಿದು ನಿಂತ.

"ಪಾದ್ರಿಗಳಾ, ನಾ ಬರದದ್ರಾಗ ಅದಲಿಬದಲಿ ಆಗೈತ್ರಿ. ನನ್ನ ಯಾರೂ ಹೊರಗ ಹಾಕಲಿಲ್ಲ. ಹೊರಗ ಹೋದಾಕಿ ನಮ್ಮವ್ವ. ನಾ ಈ ಕುಣಿ ಬಿಟ್ಟು ಎಲ್ಲೂ ಹೋಗಿಲ್ಲ."

ಆಮೇಲೆ ಅವನು ಹಿರಿಯರ ತೀರ್ಪನ್ನು ಹೇಳಿದ, ಒಲೆಯ ಗುಂಡುಗಳನ್ನು ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಕಥೆಗಾರನ ಹುರುಪು ಮತ್ತೆ ಅವನನ್ನು ಹಿಡಿಯಿತು. ತನ್ನ ತಾಯಿ ಭೂಮಿತೂಕದವಳು, ಕ್ಷಮೆಯೇ ಮೂರ್ತಿವೆತ್ತವಳು, ಅಂದಿನಿಂದ ಇಂದಿನವರೆಗೆ ಅವಳ ಬಾಯಿಂದ ಒಂದು ಕಟುಶಬ್ದ ಬರಲಿಲ್ಲ ಎಂದ.

"ಬಂದೈತಪಾ" ಎಂದು ಹೊಸ್ತಿಲಿನಿಂದ ದನಿ ಬಂತು.

ಎಲ್ಲರೂ ತಿರುಗಿ ನೋಡಿದರು.

"ನಿನ್ನ ಕೈ ಸೇದಿ ಹೋಗಲಿ ಅಂತ ಅಂದಿದ್ದೆ. ನೇಯೂ ಮಗಗ ಯಾರರ ಅಂತಾರೇನು ಹಂಗ? ಅಂದು, ನನ್ನ ಬಾಯಿ ನಾನ ಬಡಕೊಂಡೆ. ಒಂದು ಚಳಿಗಾಲ ಪೂರ್ತಿ ನಿನ್ನ ಕೂಡ ಮಾತಾಡಲಿಲ್ಲ. ಅದನ್ನೂ ಹೇಳು. ಅಷ್ಟು ಛಲೋದಾಕಿ ಮಾಡಬ್ಯಾಡ ನನ್ನ, ಓಣ್ಯಾಗ ಯಾರೂ ನಂಬೂದಿಲ್ಲ."

"ಖರೆ, ನಾ ಅಂತೂ ನಂಬೂದಿಲ್ಲ" ಎಂದಳು ಅವ್ವ. ಸಭೆಯಲ್ಲಿ ನಗೆ ಹರಡಿತು. ಕುಷ್ಟಗಿಯ ಮನುಷ್ಯ, ಹಣೆಯ ಗುರುತಿನವನು, ಎಲ್ಲರಿಗಿಂತ ಹೆಚ್ಚು ನಕ್ಕ.

ಆ ಕ್ಷಣದಲ್ಲಿ ನನಗೆ ತಿಳಿದದ್ದನ್ನು ಮಾತಿಗೆ ತರಲು ನನಗೆ ಬಹಳ ವರ್ಷ ಬೇಕಾಯಿತು. ಆಯಿ ತನ್ನನ್ನು ಹೊಗಳಿ ಬರೆಯಬೇಕೆಂದು ಕೇಳಿರಲಿಲ್ಲ. ರಾಕ್ಷಸಿಯಾಗಿ ಅಚ್ಚಾದಾಗ ಅವಳಿಗೆ ಎಷ್ಟು ನೋವಾಗಿತ್ತೋ, ದೇವಿಯಾಗಿ ಎತ್ತರಕ್ಕೇರಿದಾಗಲೂ ಅವಳಿಗೆ ಅಷ್ಟೇ ಇರಿಸುಮುರಿಸಾಯಿತು. ಎರಡರಲ್ಲಿಯೂ ಅವಳ ಮಗ ಅವಳನ್ನು ನೋಡುತ್ತಿರಲಿಲ್ಲ. ಮುಂದೆ ನಾನು ವಿಧವೆಯರ ಪರವಾಗಿ, ಕುಲದ ಕಟ್ಟುಗಳ ವಿರುದ್ಧವಾಗಿ ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ಸುಧಾರಕರ ವೇದಿಕೆಯ ಮೇಲೂ ಅದೇ ಎರಡು ಬಣ್ಣಗಳಿಗೆ ಬೇಡಿಕೆ ಹೆಚ್ಚು. ನಾನು ಅಂಥ ವಾಕ್ಯವೊಂದನ್ನು ಕಟ್ಟಿದಾಗಲೆಲ್ಲ ಯಾರೋ ಹೊಸ್ತಿಲಿನಾಚೆಯಿಂದ ತಿದ್ದಿದಂತಾಗಿ ಮಾತು ತಡವರಿಸಿದೆ. ನಮ್ಮ ಕಥೆಗಳಲ್ಲಿ ನಾನು ಇನ್ನಷ್ಟು ಕಾಣಬಯಸುವುದು ಈ ತಡವರಿಕೆಯನ್ನು. ನಂಬದೆಯೂ ನಮ್ಮನ್ನು ಪ್ರೀತಿಸಿದವರನ್ನು, ಪ್ರೀತಿಸುತ್ತಲೇ ಶಪಿಸಿದವರನ್ನು, ಫಲಿಸದ ಪ್ರಾರ್ಥನೆಗಳ ಮರುದಿನದ ಅಡುಗೆಯನ್ನು ಬರೆಯಲಿ. ಕರ್ತನು ಸಂತರೊಡನೆ ಮಾತ್ರ ಊಟಕ್ಕೆ ಕುಳಿತವನಲ್ಲವಷ್ಟೆ.

ಪಾದ್ರಿಗಳು ನಗಲಿಲ್ಲ. ಅವರು ಪತ್ರಿಕೆಯನ್ನು ಮಡಿಚಿ ಕೈಯಲ್ಲಿಟ್ಟುಕೊಂಡು, ನೊಂದವರಂತೆ, ಬಹಳ ಹೊತ್ತು ಆಯಿಯ ಕಡೆ ನೋಡಿದರು. ಅಪ್ಪ ಮುಂದೆ ಇದನ್ನೆಲ್ಲ ಬರೆದು ಕಳಿಸಿದ, ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಂದು ಮಾತ್ರ ಅವರು ಕಪಟವಿಲ್ಲದೆ ಕೇಳಿದರು.

"ಇದು ಮೊದಲಿನದಕ್ಕಿಂತ ಉತ್ತಮವಾಗಿದೆ, ಸತ್ಯಪ್ಪನವರೇ. ಆದರೆ ಇದರ ಮುಕ್ತಾಯವೇನು? ಕೊನೆಗೆ ಈ ತಾಯಿ ವಿಶ್ವಾಸಕ್ಕೆ ಬಂದರೇ?"

"ಇಲ್ರಿ."

"ಹಾಗಾದರೆ ಓದುವವರು ಏನೆಂದು ತಿಳಿಯಬೇಕು?"

ಅಪ್ಪ ಕಂಬ ಬಿಟ್ಟು ಹೊಸ್ತಿಲ ಕಡೆಗೆ ನೋಡಿದ. ಪಾದ್ರಿಗಳಿಗೆ ಉತ್ತರ ಕೊಡುತ್ತಿದ್ದರೂ ಅವನ ಮಾತು ಅವರಿಗಾಗಿ ಇರಲಿಲ್ಲ.

"ಮುಕ್ತಾಯ ನನಗೂ ಗೊತ್ತಿಲ್ರಿ. ಓಣ್ಯಾಗ ಬಂಡಿ ನಿಂತೈತಿ. ಆಕಿ ಇವತ್ತ ಹೋಗಾಕಿ. ಆಕಿ ಹ್ವಾದ್ರ ನಾ ಬರದದ್ದ ಖರೆ ಆಗತೈತಿ. ಮಗನ ಮನ್ಯಾಗ ತಾಯಿಗೆ ಜಾಗಾ ಇರಲಿಲ್ಲಂತ, ಬರೇ ಹೆಸರು ಬದಲಿ. ಇರು ಅನ್ನಾಕ ನನಗ ಬಾಯಿಲ್ಲ. ಗೊತ್ತಿತ್ತವ್ವ ನನಗ. ಗೊತ್ತಿದ್ದೂ ಬರದೆ."

 ಆಯಿ ಮೊಳಕಾಲಿಗೆ ಕೈಯೂರಿ ಎದ್ದಳು. ಸೀರೆಯ ನೆರಿಗೆ ಕೊಡವಿಕೊಂಡಳು. ಅಂಗಳ ಸೇರಿದ ಮೇಲೆ ಪಡಸಾಲೆಯ ಮೂಲಕ ಅವಳು ಎಂದೂ ಹಾದವಳಲ್ಲ; ಅಂಗಳದ ಮಗ್ಗುಲ ಬಾಗಿಲಿನಿಂದ ಓಣಿಗೆ ನಡೆದಳು. ಅವ್ವ ನನ್ನ ಕೈ ಹಿಡಿದಿದ್ದಳು. ಆ ಹಿಡಿತ ನೋಯುವಷ್ಟು ಬಿಗಿಯಾಯಿತು. ಹೊರಗೆ ಎತ್ತಿನ ಕೊರಳಗಂಟೆಯ ಸಪ್ಪಳ, ಆಮೇಲೆ ಆಯಿಯ ದನಿ.

"ಹನುಮಪ್ಪ, ಗಂಟು ಇಳಸು."

"ಮೊದಲ ಹೇಳಬಾರದೇನ ಯವ್ವಾ? ಹಗ್ಗ ಬಿಗಿದು ಬೆವರು ಬಿಟ್ಟೀನಿ."

"ಬಿಚ್ಚಪಾ. ಗುಂಡು ಮೊದಲ ಇಳಸು, ಅಡಗಿ ಹೊತ್ತಾಗೈತಿ. ನೀನೂ ಉಂಡು ಹೋಗು."